ಎಡಕ್ಕೆ ಎಳೆಯುವ ಸೈಕಲ್

ವಿಲ್ಫ್ ಗಾರ್ಬಟ್ ತನ್ನ ಹಳೆಯ ಸೈಕಲ್ಲಿಗೆ ಕಪ್ಪು ಬಣ್ಣ ಏಕೆ ಬಳಿದ? ಅವರ ಹಳೇ ಸೈಕಲ್ ಸಂಘದವರು ತುಕ್ಕನ್ನೂ ಮುತ್ತಿನಂತೆ ಕಾಪಾಡುವ ಜನ. ಎನಿಡ್‌ಗೆ ಚಳಿಗಾಲವೆಲ್ಲ ಇದೇ ಕೊರೆತ. ತೀರಿಕೊಂಡ ಅಪ್ಪನ ಸೈಕಲ್ ಅವಳ ಕೊಟ್ಟಿಗೆಯಿಂದ ಕಳುವಾಗಿತ್ತು. ಕೊಟ್ಟಿಗೆಯ ಚಿಲಕ ಸಡಿಲವೆಂದು ವಿಲ್ಫ್‌ಗೆ ಗೊತ್ತಿತ್ತು. ಅವನ ಸೈಕಲ್ಲೂ ಅಪ್ಪನದರ ಕಾಲದ್ದೇ, ಮೊದಲ ಮಹಾಯುದ್ಧಕ್ಕೂ ಹಿಂದಿನದು.

ಬಣ್ಣದಡಿ ಕಣ್ಣಿಗೆ ಸಿಗದ ಗುರುತು ಕೈಗೆ ಸಿಕ್ಕೀತು. ಅಪ್ಪನ ಸೈಕಲ್ ಎಡಕ್ಕೆ ಎಳೆಯುತ್ತಿತ್ತು. 'ಹಠಮಾರಿ ಕತ್ತೆ' ಎಂದು ಅಪ್ಪ ಅದನ್ನು ಬಯ್ಯುತ್ತಿದ್ದ.

ವಸಂತದ ಸವಾರಿಯಲ್ಲಿ ಚಹಾ ಮುಗಿದ ಮೇಲೆ ಸೈಕಲ್ ಅದಲುಬದಲು ಮಾಡಿಕೊಳ್ಳುವುದು ಇಂಗ್ಲೆಂಡಿನ ಲಿಂಕನ್‌ಶೈರಿನ ಈ ಸಂಘದ ರೂಢಿ. ಚರ್ಚಿನವರೆಗೆ ಹೋಗಿ ಬಂದು, ಚಹಾದಂಗಡಿಯ ಗೇಟಿನ ಬಳಿ ನಿಂತು ಅದರ ಗುಣದೋಷವನ್ನು ಎಲ್ಲರೆದುರು ಹೇಳಬೇಕು. ಮುಚ್ಚಿಡುವಂತಿಲ್ಲ.

"ನಂದು ನಿಂಗೆ, ನಿಂದು ನಂಗೆ. ಏನಂತೀಯ?" ಎಂದಳು ಎನಿಡ್.

"ತಗೋ ಮಾರಾಯ್ತಿ. ಬ್ರೇಕ್ ಇವತ್ತು ಹಿಡಿದ್ರೆ ನಾಳೆ ನಿಲ್ಲುತ್ತೆ. ದಾರೀಲಿರೋ ಬಾತುಕೋಳಿಗಳಿಗೆ ಮೊದ್ಲೇ ಹೇಳ್ಬಿಡು," ಎಂದು ವಿಲ್ಫ್ ನಕ್ಕ. ಆ ನಗುವಿನ ಮೇಲೂ ಅವಳಿಗೆ ಅನುಮಾನ.

ಅವಳ ಸೈಕಲ್ ಎರಡನೇ ಯುದ್ಧದ ನಂತರದ್ದು: ಗಿಡ್ಡ ಮೈ, ಮನಸ್ಸು ಮಾಡುವ ಮೊದಲೇ ತಿರುಗುವ ಚುರುಕು, ಗುಂಡಿ ಸಿಕ್ಕರೆ ನೇರ ಬೆನ್ನುಮೂಳೆಗೇ ಏಟು. ವಿಲ್ಫನದು ದೋಣಿ. ಉದ್ದ ಮೈ, ಮುಂಗಾಲಿನಂತೆ ಮುಂದಕ್ಕೆ ಚಾಚಿದ ಫೋರ್ಕ್. ಗುಂಡಿಗಳ ಮೇಲೆ ತೇಲಿತು, ತಿರುವಿನಲ್ಲಿ ಸೋಮಾರಿತನ ಮಾಡಿತು. ಎನಿಡ್ ಹಿಡಿತ ಸಡಿಲಿಸಿದಳು. ಎಡಕ್ಕೆ ಎಳೆಯಿತು.

ಗೇಟಿನ ಬಳಿ ಇಳಿದು ಅವಳು ಎಲ್ಲರೆದುರು ಹೇಳಿದಳು. "ಇದು ಎಡಕ್ಕೆ ಎಳೆಯುತ್ತೆ. ನಮ್ಮಪ್ಪಂದೂ ಹೀಗೇ ಎಳೀತಿತ್ತು. ವಿಲ್ಫ್, ಇದು ನಿಂಗೆಲ್ಲಿ ಸಿಕ್ತು?"

ಸುತ್ತಲಿದ್ದವರು ಅವರಿಬ್ಬರತ್ತ ತಿರುಗಿದರು.

"ಕಳ್ಳ ಅಂತ ನೇರವಾಗೇ ಹೇಳ್ಬಿಡು," ಎಂದ ವಿಲ್ಫ್. "ಸೋದರತ್ತೆ ಮನೇದು ಕಣೇ. ತುಕ್ಕು ಕಬ್ಬಿಣಾನೇ ತಿಂತಿತ್ತು, ಬಣ್ಣ ಹೊಡೆದೆ. ನಿನ್ನ ಸೈಕಲ್ಲೂ ಚೂರು ಎಡಕ್ಕೇ ಹೋಗುತ್ತೆ, ಈಗ ತಾನೇ ಓಡಿಸ್ದೆ. ಅದನ್ನೂ ನಾನೇ ಕದ್ದಿರ್ಬೇಕು!"

"ನಂದು ಯಾವತ್ತೂ ಎಳೆದಿಲ್ಲ," ಎಂದವಳೇ ಮತ್ತೆ ವಿಲ್ಫನ ಸೈಕಲ್ ಹತ್ತಿದಳು. ದೋಷ ಸೈಕಲ್ಲಿನದೇ ಆದರೆ ರಸ್ತೆಯ ಆ ಬದಿಯಲ್ಲೂ ಎಡಕ್ಕೇ ಎಳೆಯಬೇಕಲ್ಲ? ದಾರಿ ಖಾಲಿಯಿತ್ತು. ಬಲಬದಿಗೆ ದಾಟಿ ಹಿಡಿತ ಸಡಿಲಿಸಿದಳು. ಸೈಕಲ್ ಬಲಕ್ಕೆ, ಚರಂಡಿಯತ್ತ ಜಾರಿತು.

ಮಳೆನೀರು ಇಳಿಯಲೆಂದು ನಡು ಉಬ್ಬಿಸಿದ ರಸ್ತೆ. ಎಡಬದಿಯಲ್ಲೇ ಸಾಗುವವರ ಸೈಕಲ್ ಎಡಕ್ಕೇ ಜಾರೀತು, ಹಳೆಯದು ಇನ್ನಷ್ಟು. ತನ್ನ ಚುರುಕು ಸೈಕಲ್ಲಿನ ಮೇಲೆ ಅವಳಿಗೆ ಅದು ತಿಳಿದೇ ಇರಲಿಲ್ಲ.

ಅವಳು ಗೇಟಿಗೆ ಮರಳಿದಳು. "ಎಳೆಯೋದು ರಸ್ತೆ. ಸೈಕಲ್ ನೆಟ್ಟಗಿದೆ. ತಪ್ಪಾಯ್ತು, ವಿಲ್ಫ್."

ಅವನು ಸೈಕಲ್ ಇಸಿದುಕೊಂಡ.

ಹಾಗಾದರೆ ಅಪ್ಪನದೂ ನೆಟ್ಟಗೇ ಇದ್ದಿರಬೇಕು. ಇದ್ದ ಒಂದೇ ಗುರುತೂ ಹೋಯಿತು. ಬಣ್ಣ ಬಳಿದು ಕಣ್ಣೆದುರಿಗೇ ತಂದು ನಿಲ್ಲಿಸಿದರೂ ಇನ್ನು ಅವಳಿಗೆ ಅದು ಗೊತ್ತಾಗದು. ವಿಲ್ಫ್ ಸೈಕಲ್ ತಳ್ಳಿಕೊಂಡು ಹೊರಟ. ಎನಿಡ್ ಆ ಕಪ್ಪು ಬಣ್ಣದಿಂದ ಕಣ್ಣು ಕೀಳಲಾರದೆ ನಿಂತಳು.