ಅರಳೆ ಕೆಮ್ಮು ಅಂದುಕೊಂಡಿದ್ದೆವು

ಹಾಸಿಗೆ ಹೊಲಿಯುವವರ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಅರಳೆ ಹಿಂಜುವಾಗ ಮೂಗು, ಗಂಟಲು, ರೆಪ್ಪೆಯ ಕೂದಲು ಎಲ್ಲ ಬೆಳ್ಳಗಾಗುತ್ತವೆ. "ಅರಳೆ ಕೆಮ್ಮು, ನೀರು ಕುಡಿ" ಅಂದು ಮತ್ತೆ ದಬ್ಬಣ ಹಿಡಿಯುತ್ತೇವೆ. ಈ ನಮ್ಮ ಬುದ್ಧಿವಂತಿಕೆಯೇ ಅತ್ತಿಗೆಯ ಜೀವಕ್ಕೆ ಮುಳುವಾಗುವುದರಲ್ಲಿತ್ತು.

ನನ್ನ ಅತ್ತಿಗೆ ಎಂಥ ಗಟ್ಟಿಗಿತ್ತಿ ಗೊತ್ತೇ! ನಾನು ಎರಡು ಹಾಸಿಗೆ ಹೊಲಿಯುವಷ್ಟರಲ್ಲಿ ಮೂರು ಮುಗಿಸುತ್ತಾಳೆ. ಎಚ್‌ಐವಿ ಇದೆ ಎಂದು ಗೊತ್ತಾಗಿ ಐದು ವರ್ಷವಾಯಿತು, ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಆಗ ಈ ವಿಷಯ ಗೊತ್ತಿದ್ದುದು ಅಣ್ಣನಿಗೆ, ನನಗೆ, ಆಸ್ಪತ್ರೆಯವರಿಗೆ ಅಷ್ಟೇ.

ಒಂದು ದಿನ ಅದೇ ಆಸ್ಪತ್ರೆಯ ಆರೋಗ್ಯ ಕಾರ್ಯಕರ್ತೆ ಬಂದರು. ಅವರನ್ನು ನಾವೆಲ್ಲ ಸೈಕಲ್ ಅಕ್ಕ ಅಂತಲೇ ಕರೆಯುವುದು. ಅತ್ತಿಗೆ ಕೆಮ್ಮುತ್ತಲೇ ಹೊಲಿಯುತ್ತಿದ್ದಳು.

"ಈ ಕೆಮ್ಮು ಯಾವಾಗಿಂದ?" ಅಂದರು.

"ಅರಳೆ ಕೆಮ್ಮು ಅಕ್ಕಾ, ನಮಗೆಲ್ಲಾ ಇದ್ದಿದ್ದೇ" ಅಂದ ಅಣ್ಣ.

"ಹೋದ ವಾರ ಸೂರು ರಿಪೇರಿಗೆ ಅಂತ ಕೆಲಸ ನಿಲ್ಲಿಸಿದ್ರಲ್ಲ, ಆಗ ಕೆಮ್ಮೂ ನಿಂತಿತ್ತಾ?"

ಅಣ್ಣ ತಲೆ ಕೆರೆದುಕೊಂಡ. ನಿಂತಿರಲಿಲ್ಲ. ನಾನು ಬಾಯಿಬಿಟ್ಟೆ: "ಸಂಜೆಯಾದ್ರೆ ಜ್ವರ ಬರತ್ತೆ ಅಕ್ಕಾ. ರವಿಕೆ ಸಡಿಲ ಆಯ್ತು ಅಂತ ಎರಡು ಸಲ ಹಿಡಿದು ಹೊಲಿದುಕೊಂಡಿದ್ದಾಳೆ."

"ಎಚ್‌ಐವಿ ಇರೋರಿಗೆ ಕ್ಷಯ ಬೇಗ ಅಂಟತ್ತೆ. ಮಾತ್ರೆ ತಗೊಂಡ್ರೆ ಅಪಾಯ ಕಮ್ಮಿ, ಆದ್ರೆ ಪೂರ್ತಿ ಹೋಗಲ್ಲ. ನಾಳೆನೇ ಕಫ ಪರೀಕ್ಷೆ ಮಾಡಿಸೋಣ."

ಕಫದ ವರದಿಯಲ್ಲಿ ಏನೂ ಕಾಣಲಿಲ್ಲ. ಅಣ್ಣ ಕುಣಿದಾಡಿದ. "ನಾನು ಹೇಳಿರ್ಲಿಲ್ವಾ? ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು!"

"ದೊಣ್ಣೆ ಇನ್ನೂ ತಪ್ಪಿಲ್ಲಪ್ಪಾ" ಅಂದರು ಸೈಕಲ್ ಅಕ್ಕ. "ಎಚ್‌ಐವಿ ಇದ್ರೆ ಕಫದಲ್ಲಿ ಕ್ರಿಮಿ ಕಮ್ಮಿ ಇರಬಹುದು, ಒಂದೇ ಪರೀಕ್ಷೆಗೆ ಸಿಗದೇ ಹೋಗಬಹುದು. ಎಕ್ಸ್‌ರೇ ಆಗ್ಬೇಕು, ಬೇರೆ ಪರೀಕ್ಷೆನೂ ಆಗ್ಬೇಕು."

ಈಗ ಅತ್ತಿಗೆಯೇ ಹಟ ಹಿಡಿದಳು. "ಬೇಡ ಅಕ್ಕಾ. ಪದೇ ಪದೇ ಆಸ್ಪತ್ರೆಗೆ ಅಲೆದ್ರೆ ಜನ ಕೇಳ್ತಾರೆ. ಆ ಇನ್ನೊಂದೂ ಹೊರಗೆ ಬೀಳತ್ತೆ."

ಸೈಕಲ್ ಅಕ್ಕ ಅವಳ ಪಕ್ಕದಲ್ಲೇ ಅರಳೆ ರಾಶಿಯ ಮೇಲೆ ಕೂತರು. "ನಿನ್ನ ಗುಟ್ಟು ನನ್ನ ಬಾಯಿಂದ ಹೊರಗೆ ಬರಲ್ಲ ತಂಗಿ. ನನ್ನದನ್ನ ಹೇಳ್ತೀನಿ ಕೇಳು. ನನಗೂ ಎಚ್‌ಐವಿ ಇದೆ. ಎಂಟು ವರ್ಷದ ಹಿಂದೆ ಕ್ಷಯನೂ ಬಂದಿತ್ತು. ವಾಸಿಯಾಯ್ತು. ನಾನು ನಿನ್ನ ಹಾಗೇ ಬೇಡ ಅಂದಿದ್ರೆ ಇವತ್ತು ಇಲ್ಲಿ ಕೂತು ಮಾತಾಡ್ತಿರ್ಲಿಲ್ಲ."

ಬಿಸಿಲೆನ್ನದೆ ಮನೆಮನೆ ಸುತ್ತುವ ಈ ಹೆಂಗಸು, ನಮ್ಮ ಅತ್ತಿಗೆಗಾಗಿ ತನ್ನ ಗುಟ್ಟನ್ನೇ ಬಿಚ್ಚಿಟ್ಟಿದ್ದರು. ಅವರ ಮೇಲೆ ನನಗೆ ಅಷ್ಟು ಗೌರವ ಹಿಂದೆಂದೂ ಬಂದಿರಲಿಲ್ಲ. ಅತ್ತಿಗೆ ದಬ್ಬಣ ಕೆಳಗಿಟ್ಟು, "ನಡೀರಿ ಅಕ್ಕಾ" ಅಂದಳು.

ಎಕ್ಸ್‌ರೇಯಲ್ಲಿ ನೆರಳು ಕಂಡಿತು. ಮುಂದಿನ ಪರೀಕ್ಷೆಯಲ್ಲಿ ಕ್ಷಯ ಖಚಿತವಾಯಿತು. ಡಾಕ್ಟರು ಆರು ತಿಂಗಳ ಮಾತ್ರೆ ಬರೆದರು. "ಎಚ್‌ಐವಿ ಮಾತ್ರೆನೂ ನಿಲ್ಲಿಸಬಾರದು, ಇದನ್ನೂ ನಿಲ್ಲಿಸಬಾರದು. ತೊಂದರೆ ಆದ್ರೆ ನನ್ನ ಹತ್ರ ಬನ್ನಿ, ನೀವೇ ಡಾಕ್ಟರಾಗಬೇಡಿ" ಅಂದರು. ಮೊದಲ ವಾರ ಅತ್ತಿಗೆಗೆ ಹೊಟ್ಟೆ ತೊಳಸುತ್ತಿತ್ತು. ಹೋಗಿ ತೋರಿಸಿಕೊಂಡು ಬಂದಳೇ ಹೊರತು ಒಂದು ಮಾತ್ರೆ ಬಿಡಲಿಲ್ಲ. ನಾವು ಕಿಟಕಿಗಳನ್ನು ತೆರೆದಿಟ್ಟೆವು, ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ಎರಡನೇ ತಿಂಗಳಿಗೆ ಹಸಿವು ಬಂತು. ಆರು ತಿಂಗಳಿಗೆ ಕ್ಷಯ ವಾಸಿಯಾಯಿತು.

ನನ್ನನ್ನೂ ಅಣ್ಣನನ್ನೂ ಪರೀಕ್ಷಿಸಿದ್ದರು. ಕ್ಷಯ ಇರಲಿಲ್ಲ, ಬರದಿರಲಿ ಎಂದು ಮಾತ್ರೆ ಕೊಟ್ಟಿದ್ದರು. "ರೋಗವೇ ಇಲ್ದೋನಿಗೆ ಮಾತ್ರೆ ಯಾಕೆ?" ಎಂದು ಅಣ್ಣ ಗೊಣಗುತ್ತಿದ್ದ. ಅತ್ತಿಗೆ ನೀರಿನ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು. "ನುಂಗ್ತೀರೋ, ಸೈಕಲ್ ಅಕ್ಕನ್ನ ಕರೀಲೋ?" ಅವನು ಲೋಟ ಕಿತ್ತುಕೊಂಡು ನುಂಗುತ್ತಿದ್ದ.

ಅತ್ತಿಗೆಯೂ ಸೈಕಲ್ ಅಕ್ಕನೂ ಒಪ್ಪಿದ್ದರಿಂದಲೇ ಇದನ್ನೆಲ್ಲ ಹೇಳುತ್ತಿದ್ದೇನೆ. ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಎಚ್‌ಐವಿ ಇದ್ದು, ಕೆಮ್ಮೋ ಜ್ವರವೋ ಬಂದರೆ, ತೂಕ ಇಳಿದರೆ, ರಾತ್ರಿ ಮೈ ಬೆವರಿದರೆ, ಧೂಳು, ಹವೆ, ದಣಿವು ಎಂದು ಸಬೂಬು ಹುಡುಕಬೇಡಿ. ಅವತ್ತೇ ಹೋಗಿ ತೋರಿಸಿ. ಒಂದು ಪರೀಕ್ಷೆಯಲ್ಲಿ ಸಿಗಲಿಲ್ಲ ಎಂದು ಸುಮ್ಮನಾಗಬೇಡಿ. ಎಚ್‌ಐವಿ ಇದ್ದರೂ ಕ್ಷಯ ವಾಸಿಯಾಗುತ್ತದೆ. ನಮ್ಮ ಅತ್ತಿಗೆಯನ್ನು ನಾವೇ ಕೈಯಾರೆ ಕಳೆದುಕೊಳ್ಳುತ್ತಿದ್ದೆವು. ನಿಮ್ಮವರನ್ನು ನೀವು ಕಳೆದುಕೊಳ್ಳಬೇಡಿ.