ಕೈದಿಗಳು ತೋಡಿದ ಗುಂಡಿ

"ಕಕ್ಕಸಿಗೆ ಸಿಮೆಂಟ್ ರಿಂಗು, ಬೇಸಿನ್ನು, ಬಾಗಿಲು, ಇಟ್ಟಿಗೆ, ನನ್ನ ಕೂಲಿ ಎಲ್ಲಾ ಸೇರಿ ಇಪ್ಪತ್ತೆಂಟು ಸಾವಿರ. ಗುಂಡಿ ತೋಡೋಕೆ ಬೇರೆ ಆರು ಸಾವಿರ," ಎಂದು ಗಾರೆ ಕೆಲಸದ ಅಂಜಿನಪ್ಪ ಜಗಲಿಯ ಮೇಲೆ ಕೂತು ಲೆಕ್ಕ ಒಪ್ಪಿಸಿದ. "ನಾಳೆ ಸೋಮವಾರ, ಒಳ್ಳೇ ದಿನ. ಗುದ್ದಲಿ ಹಾಕ್ಲಾ?"

"ದುಡ್ಡಿಗೇನು, ಕೊಬ್ಬರಿ ಮಾರಿದ್ದು ಐತೆ," ಎಂದಳು ಕಮಲಾಕ್ಷಮ್ಮ. "ಗುದ್ದಲಿ ಮಾತ್ರ ಈಗ ಬೇಡ. ಸೊಸೆ ಹೆರಿಗೆ ಆಗ್ಲಿ."

ಮಗ ತೀರ್ಥೇಶ ಕಾಫಿ ಲೋಟ ಕುಕ್ಕಿದ. "ಹೆರಿಗೆಗೆ ಇನ್ನೂ ನಾಲ್ಕು ತಿಂಗಳೈತೆ ಕಣಮ್ಮ. ಅಲ್ಲೀಗಂಟ ಅವಳು ಬಯಲಿಗೇ ಹೋಗ್ಬೇಕಾ?"

"ನಾವೆಲ್ಲ ಹೋಗ್ಲಿಲ್ವಾ?"

ತೀರ್ಥೇಶ ಬೈಕ್ ಹತ್ತಿ ಹೋದ. ಅಂಜಿನಪ್ಪ ಟವೆಲ್ಲು ಕೊಡವಿಕೊಂಡು ಎದ್ದ.

ಬಸುರಿ ಇರುವ ಮನೆಯಲ್ಲಿ ನೆಲ ಅಗೆಯಬಾರದು ಅನ್ನುವುದು ಆ ಕಡೆಯ ಮಾತು. ಕಮಲಾಕ್ಷಮ್ಮನಿಗೆ ಅದು ಬರೀ ಮಾತಾಗಿರಲಿಲ್ಲ. ಅವಳು ಚೊಚ್ಚಲ ಬಸುರಿಯಾಗಿದ್ದಾಗ ಮಾವ ಕೊಟ್ಟಿಗೆಗೆ ಪಾಯ ತೆಗೆಸಿದ್ದರು. ಪಾಯ ಮುಗಿಯುವ ಮೊದಲೇ ಹೊಟ್ಟೆಯಲ್ಲಿದ್ದುದು ಹೋಗಿತ್ತು. ಡಾಕ್ಟರು ಬೇರೇನೋ ಕಾರಣ ಹೇಳಿದರು, ಅವಳು ತಲೆಯಾಡಿಸಿದ್ದಳು. ಆದರೆ ಇಂದಿಗೂ ಯಾರಾದರೂ ಅಂಗಳದಲ್ಲಿ ಗುದ್ದಲಿ ಎತ್ತಿದರೆ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು.

ಮನೆಯಲ್ಲಿ ಕಕ್ಕಸು ಇರಲಿಲ್ಲ ಅಂತಲ್ಲ. ಇದ್ದದ್ದು ಹೋದ ಮಳೆಗಾಲದಲ್ಲಿ ಗುಂಡಿಯ ಸಮೇತ ಕುಸಿದಿತ್ತು. ಮನೆಯಿದ್ದದ್ದು ಊರಾಚೆ, ಕ್ಯಾಂಪಿನ ಹೊಲದಲ್ಲಿ. ಹಿಂದೆ ದೊಡ್ಡ ಯುದ್ಧ ನಡೆದಾಗ ಇಟಲಿಯ ಕೈದಿಗಳನ್ನು ಅಲ್ಲಿ ಕೂಡಿಹಾಕಿದ್ದರಂತೆ. ಅವರು ಹೋದ ಮೇಲೆ ಜಮೀನು ಕಮಲಾಕ್ಷಮ್ಮನ ಗಂಡ ಕರಿಯಪ್ಪನ ತಂದೆಯ ಖಾತೆಗೆ ಬಂತು, ಹೆಸರು ಮಾತ್ರ ಕ್ಯಾಂಪೇ ಉಳಿಯಿತು. ಸುತ್ತ ಪೊದೆಗಳಿದ್ದಾಗ ಹೆಂಗಸರಿಗೆ ಮರೆಯಾದರೂ ಇತ್ತು. ಕಡೂರಿನ ರಸ್ತೆ ಅಗಲವಾದ ಮೇಲೆ ಪೊದೆಯೂ ಹೋಯಿತು, ಮರೆಯೂ ಹೋಯಿತು.

ಮಾರನೆಯ ದಿನ ಮಧ್ಯಾಹ್ನ ಕಮಲಾಕ್ಷಮ್ಮ ಸೊಸೆಯ ಕೋಣೆಗೆ ಹೋದಳು. ಬೆಳಿಗ್ಗೆ ತಾನೇ ತುಂಬಿಟ್ಟಿದ್ದ ನೀರಿನ ಚೊಂಬು ಹಾಗೇ ತುಂಬಿತ್ತು. ಶರ್ಮಿಳಾ ಮಗ್ಗುಲಾಗಿ ಮಲಗಿದ್ದಳು. ಹಣೆ ಮುಟ್ಟಿದರೆ ಬಿಸಿ.

"ಯಾಕವ್ವ, ಒಂದು ಗುಟುಕೂ ಕುಡ್ದಿಲ್ಲ?"

"ಕುಡುದ್ರೆ ಹೋಗ್ಬೇಕಲ್ಲತ್ತೆ. ಬೆಳಕು ಹರಿದ್ಮೇಲೆ ಎಲ್ಲಿಗೆ ಹೋಗ್ಲಿ? ಲಾರಿಯೋರು ಹಾರ್ನ್ ಹೊಡ್ಕೊಂಡು ಹೋಗ್ತಾರೆ." ಶರ್ಮಿಳಾ ಗೋಡೆಯ ಕಡೆ ತಿರುಗಿದಳು. "ಉರಿಮೂತ್ರ ಆಗೈತೆ. ನೀರು ಕುಡೀದಿದ್ರೆ ಮಗೂಗೆ ತೊಂದ್ರೆ ಅಂತ ನರ್ಸಮ್ಮ ಬೈದ್ರು. ನಾಡಿದ್ದು ಅಪ್ಪ ಬತ್ತಾರೆ, ಹೋಗ್ಬಿಡ್ತೀನಿ."

ಏಳನೇ ತಿಂಗಳಲ್ಲಿ ಸೀಮಂತ ಮಾಡಿ, ಮಡಿಲು ತುಂಬಿ ಕಳಿಸಬೇಕಾದ ಸೊಸೆ ಐದಕ್ಕೇ ಬರಿ ಮಡಿಲಲ್ಲಿ ಹೋಗುವುದೆಂದರೆ ಬೀಗರು ಏನಂದುಕೊಂಡಾರು? ಆ ಯೋಚನೆ ಬಂದಷ್ಟೇ ಬೇಗ ಹೋಯಿತು. ತುಂಬಿದ ಚೊಂಬು ಮಾತ್ರ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ. ಅಗೆದರೆ ಏನಾದೀತೋ ಎಂದು ಹೆದರುತ್ತಿದ್ದವಳಿಗೆ, ಅಗೆಯದೆ ಆಗುತ್ತಿರುವುದು ಎದುರಿಗೇ ಮಲಗಿತ್ತು.

ಊಟಕ್ಕೆ ಕೂತಾಗ ಮುದ್ದೆಗೆ ಸಾರು ಬಡಿಸುತ್ತ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಕರಿಯಪ್ಪ ತುತ್ತು ಮುರಿಯುತ್ತ ನಿಟ್ಟುಸಿರು ಬಿಟ್ಟ.

"ಈ ನೆಲದ ಹಣೇಬರಾನೇ ಇಷ್ಟು ಕಣೆ. ಆ ಇಟಲಿಯೋರ್ಗೂ ಇದೇ ತಾಪತ್ರಯ. ಕಕ್ಕಸ್ನ ಬಾವಿಗಿಂತ ಮೇಲುಗಡೆ ಮಾಡ್ಬಿಟ್ಟು, ಗಲೀಜು ಬಾವಿಗಿಳ್ದು, ಎಲ್ರಿಗೂ ರಕ್ತಭೇದಿ ಹತ್ಕೊಂಡಿತ್ತಂತೆ. ಆಗ ಅಪ್ಪ ಕ್ಯಾಂಪಲ್ಲಿ ಕೂಲಿಗಿದ್ರು, ಸುಣ್ಣ ಹೊತ್ತು ಹಾಕಿ ಹಾಕಿ ಸೊಂಟ ಬಿದ್ದೋಗಿತ್ತು ಅನ್ನೋರು. ಆಮೇಲೆ ಕೈದಿಗಳೇ ತಗ್ಗಿನ ಕಡೆ ಇನ್ನೊಂದು ತೋಡಿದ್ರಂತೆ, ಒಳಗೆಲ್ಲ ಕಲ್ಲು ಕಟ್ಟಿ. ಅದ್ರಲ್ಲಿ ಒಂದಿನ ಕೂರೋಕೂ ಪುಣ್ಯ ಇರ್ಲಿಲ್ಲ. ಮುಗೀತಿದ್ದಂಗೇ ಬೇರೆ ಊರಿಗೆ ಸಾಗಿಸ್ಬಿಟ್ರು."

ಕಮಲಾಕ್ಷಮ್ಮನ ಕೈಯ ಸೌಟು ನಿಂತಿತು. "ಎಲ್ಲೈತೆ ಅದು?"

"ತೆಂಗಿನ ಮಟ್ಟೆ ಒಟ್ಟಿದೀಯಲ್ಲ, ಅದ್ರ ಕೆಳಗೆ. ಚಪ್ಪಡಿ ಮುಚ್ಚೈತೆ."

"ಮೂವತ್ತು ವರ್ಷದಿಂದ ಅದ್ರ ಮೇಲೆ ಮಟ್ಟೆ ಒಟ್ತಿದೀನಲ್ರೀ! ಒಂದ್ಸಲ ಬಾಯಿ ಬಿಡೋದಲ್ವಾ?"

"ನೀ ಯಾವತ್ತು ಕೇಳಿದ್ದೆ?"

ಸಂಜೆಯೊಳಗೆ ಮಟ್ಟೆಯ ರಾಶಿ ಜರುಗಿತು. ತೀರ್ಥೇಶನೂ ಅಂಜಿನಪ್ಪನೂ ಹಾರೆ ಕೊಟ್ಟು ಚಪ್ಪಡಿ ಸರಿಸಿದರು. ಒಳಗೆ ಒಣ ಎಲೆ, ಒಂದಿಷ್ಟು ಉದುರು ಮಣ್ಣು. ಸುತ್ತಲೂ ಕಲ್ಲು ನಿನ್ನೆ ಕಟ್ಟಿದ ಹಾಗಿತ್ತು. ಬೋರ್‌ವೆಲ್ಲು ದೂರದಲ್ಲಿ, ಮೇಲುಗಡೆ.

"ಇಷ್ಟು ಚೆನ್ನಾಗಿ ಕಲ್ಲು ಕಟ್ಟೋಕೆ ನನ್ ಕೈಲೂ ಆಗಲ್ಲ ಕಣ್ರೀ. ರಿಂಗೂ ಬೇಡ," ಎಂದ ಅಂಜಿನಪ್ಪ.

ಕರಿಯಪ್ಪ ಹೆಂಡತಿಯನ್ನು ರೇಗಿಸಿದ. "ಇದು ಅಗಿದಂಗಲ್ವೇನೇ?"

"ಅಗಿದೋರು ಅಗಿದು ಹೋದ್ರು. ಆಗ ಈ ಮನೇನೇ ಇರ್ಲಿಲ್ಲ, ಬಸುರಿ ಎಲ್ಲಿಂದ ಬರ್ಬೇಕು?" ಎಂದಳು ಕಮಲಾಕ್ಷಮ್ಮ. ಆದರೂ ಮಗ ಒಳಗಿಳಿಯುವಾಗ ಕೂಗಿದಳು, "ಲೇ, ಗುದ್ದಲಿ ಮುಟ್ಬೇಡ! ಮಣ್ಣು ಕೈಯಲ್ಲೇ ಬಾಚು."

"ಪೈಪಿಗೆ ಒಂದು ಗೇಣಾದ್ರೂ ಅಗೀಬೇಕಲ್ಲಮ್ಮ?" ಅಂಜಿನಪ್ಪ ತಲೆ ಕೆರೆದುಕೊಂಡ.

"ಮೇಲೇ ಎತ್ತಿ ಕಟ್ಟು. ಪೈಪು ನೆಲದ ಮೇಲೇ ಹೋಗ್ಲಿ, ಇಟ್ಟಿಗೆ ಮುಚ್ಚು."

"ಮೂರು ಮೆಟ್ಲು ಆಗುತ್ತೆ. ಕಕ್ಕಸಲ್ಲ, ಸಿಂಹಾಸನ!"

"ಆಗ್ಲಿ ಬಿಡು. ಎರಡೂ ಕಡೆ ಹಿಡ್ಕೊಳಕ್ಕೆ ಕಂಬಿ ಹಾಕು."

ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಶರ್ಮಿಳಾ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಅವಳ ನಗು ಕೇಳಿಸಿತು.

ಹೇಳಿದ ದಿನಕ್ಕೆ ಬಂದ ಬೀಗರು ಮಗಳನ್ನು ಕಡೂರಿನ ಡಾಕ್ಟರಿಗೆ ತೋರಿಸಿ, ಮಾತ್ರೆ ಕೊಡಿಸಿ, ಮೇಲೇಳುತ್ತಿದ್ದ ಗೋಡೆಯನ್ನು ನೋಡಿಕೊಂಡು ಒಬ್ಬರೇ ಹಿಂದಿರುಗಿದರು. ಗೋಡೆ ಏಳುವವರೆಗೆ ತೀರ್ಥೇಶ ತೆಂಗಿನ ಗರಿಯ ತಡಿಕೆ ಕಟ್ಟಿಕೊಟ್ಟ. ಬಾಗಿಲು ಕೂರಿಸಿದ ದಿನ ಕಮಲಾಕ್ಷಮ್ಮ ಚಪ್ಪಡಿಯ ಮೇಲೆ ಎರಡು ಊದುಬತ್ತಿ ಹಚ್ಚಿಟ್ಟಳು.

"ಇದ್ಯಾವ ದೇವ್ರಿಗೆ?" ಎಂದ ಕರಿಯಪ್ಪ.

"ತೋಡಿದೋರ್ಗೆ. ಅವರ ಹೆಸ್ರು ನಿಮ್ಮಪ್ಪಂಗೂ ಗೊತ್ತಿರ್ಲಿಲ್ಲ ಅಲ್ವಾ?"

ಗುಂಡಿಯ ಆರು ಸಾವಿರ ಉಳಿಯಿತು, ರಿಂಗಿನದೂ ಉಳಿಯಿತು. ಅದರಲ್ಲಿ ಸ್ವಲ್ಪ ಮೆಟ್ಟಿಲಿಗೂ ಕಂಬಿಗೂ ಹೋಯಿತು. ಮಟ್ಟೆ ಒಟ್ಟುವುದಕ್ಕೆ ಜಾಗ ಇಲ್ಲದಂತಾಯಿತು. ಕಮಲಾಕ್ಷಮ್ಮನ ಹೆದರಿಕೆ ಪೂರ್ತಿ ಹೋಗಲಿಲ್ಲ, ಹೆರಿಗೆಯಾಗುವ ತನಕ ಹೋಗುವುದೂ ಇಲ್ಲ. ಆದರೆ ಈಗ ಅವಳು ಸೊಸೆಯ ಕೋಣೆಯ ಚೊಂಬನ್ನು ದಿನಕ್ಕೆ ಮೂರು ಸಲ ತುಂಬಿಸಬೇಕು.