ಮೂರೆಲೆಯ ರಜಾಯಿ

ಕುರಾ ರಜಾಯಿಯ ಒಂದು ತುದಿ ಹಿಡಿದೆಳೆದಳು. ತೊಮೆ ಇನ್ನೊಂದು ತುದಿಯನ್ನು ಎದೆಗವಚಿಕೊಂಡು ಬಿಡಲೇ ಇಲ್ಲ. ಪಕ್ಕದ ಕೋಣೆಯಲ್ಲಿ ತೊಮೆಯ ತೀರಿಹೋದ ಅತ್ತೆ, ಕುರಾಳ ಅತ್ತಿಗೆ ಇಸೊಳನ್ನು ಉತ್ತರಕ್ಕೆ ತಲೆಯಿಟ್ಟು ಮಲಗಿಸಿದ್ದರು.

"ನಾನೇ ಹೊದಿಸ್ತೀನಿ, ಚಿಕ್ಕತ್ತೆ. ನೀವು ಊದಿನಕಡ್ಡಿ ನೋಡ್ಕೊಳ್ಳಿ."

"ಅದೇನೇ ಅಂಥಾ ಗುಟ್ಟು? ಐವತ್ತು ವರ್ಷ ನಮ್ಮಣ್ಣನ ಮನೇಲಿದ್ಲು, ಒಂದಿನ ಇದನ್ನ ಬಿಡಿಸಿದ್ದು ಕಾಣೆ. ಆ ಮೂರೆಲೆಯ ಮನೆತನದ ಲಾಂಛನ ಕಾಣೋ ಹಾಗೆ ಮಡಿಸಿ ಇಟ್ಟಿದ್ದೇ ಇಟ್ಟಿದ್ದು. ಯಾವ ಜಮೀನ್ದಾರನ ಮನೆಯಿಂದ ಎತ್ಕೊಂಡು ಬಂದಿದ್ಲೋ! ಹೆಣಕ್ಕೆ ತಲೆಕೆಳಗಾಗಿ ಹೊದಿಸ್ಬೇಕು, ಲಾಂಛನ ಕಾಲಿಗೆ ಬರ್ಬೇಕು. ಊರೋರೆಲ್ಲಾ ಇವತ್ತು ಪೂರ್ತಿ ನೋಡ್ಲಿ."

ತೊಮೆಗೂ ಅನುಮಾನ ಇರಲಿಲ್ಲವೆಂದಲ್ಲ. ಊರವರ ಮುಂದೆ ಬಿಡಿಸುವ ಮೊದಲು ತಾನೊಬ್ಬಳೇ ನೋಡಬೇಕಿತ್ತು. ರಜಾಯಿ ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಸರಿಸಿದಳು.

*

ಮದುವೆಯಾಗಿ ಬಂದ ಮೂರನೆಯ ದಿನ ಹಾಸಿಗೆಗಳನ್ನು ಬಿಸಿಲಿಗೆ ಹಾಕಲು ಹೋಗಿ ಇದನ್ನೂ ಎತ್ತಿದ್ದಳು. ಇಸೊ ಓಡಿಬಂದು ಕೈಮೇಲೆ ಬಾರಿಸಿದಳು.

"ಮುಟ್ಬೇಡ! ಬಟ್ಟೆಗೆ ಬಣ್ಣ ಹಾಕೋ ಬಣ್ಣಗಾರನ ಮಗಳು ನೀನು. ಲಾಂಛನ ಇಲ್ಲದ ಮನೆಯೋರು ನಮ್ಮ ತವರಿಗೆ ಹಿತ್ತಲ ಬಾಗಿಲಿಂದ ಬರ್ತಿದ್ರು, ಗೊತ್ತಾ?"

ತೊಮೆ ತಂದ ಮದುವೆ ರಜಾಯಿ ಬರೀ ನೀಲಿ. ಗಂಡ ಗಿಸಾಕು, "ಅಮ್ಮ ದೊಡ್ಡ ಮನೆಯವಳು, ಹೊಂದ್ಕೊಂಡು ಹೋಗು" ಎಂದ. ಇಪ್ಪತ್ತೆರಡು ವರ್ಷ ಹೊಂದಿಕೊಂಡು ಹೋದಳು.

*

ಈಗ ಬಿಡಿಸಿದರೆ, ಒಳ್ಳೆಯ ಬಟ್ಟೆ ಇದ್ದದ್ದು ಲಾಂಛನದ ಸುತ್ತ ಒಂದೂವರೆ ಮೊಳ ಮಾತ್ರ. ಮಿಕ್ಕದ್ದೆಲ್ಲ ಚಿಂದಿ: ಗದ್ದೆ ಕೆಲಸದ ಉಡುಪಿನ ಮೊಣಕಾಲು, ಅಕ್ಕಿಚೀಲ, ಸೊಳ್ಳೆಪರದೆಯ ಚೂರು. ರಜಾಯಿಯಲ್ಲ, ಕೌದಿ.

ಆ ಲಾಂಛನವಾದರೂ ನೆಟ್ಟಗಿತ್ತೇ? ಮೂರೆಲೆಗಳಲ್ಲಿ ಒಂದರ ತುದಿಗೆ ನೀಲಿ ನುಗ್ಗಿತ್ತು. ಬಿಳಿ ಉಳಿಯಬೇಕಾದ ಕಡೆ ಹಚ್ಚುವ ಅಕ್ಕಿಯ ಅಂಟು ಬಿರುಕು ಬಿಟ್ಟರೆ ಹೀಗಾಗುತ್ತದೆ. ಕೆಟ್ಟುಹೋದ ಅಂಥ ತುಂಡುಗಳನ್ನು ತೊಮೆಯ ಅಪ್ಪ, ನದಿಯಲ್ಲಿ ನಿಂತು ಅಂಟು ತೊಳೆಯುವ ಕೂಲಿ ಹೆಂಗಸರಿಗೆ ಕೊಟ್ಟುಬಿಡುತ್ತಿದ್ದ. ಇಸೊ ಅಂಥ ಕೂಲಿಯವರಲ್ಲೊಬ್ಬಳು; ದೊಡ್ಡ ಮನೆಯ ತವರೆಂಬುದು ಬರೀ ಕಟ್ಟುಕಥೆ.

ಊರಲ್ಲಿ ಬೇರೆ ಯಾರಿಗೂ ತಿಳಿಯದ್ದು ಬಣ್ಣಗಾರನ ಮಗಳಿಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಅತ್ತೆಯ ಆ ತಿರಸ್ಕಾರವೆಲ್ಲ ಬರೀ ಹೆದರಿಕೆ! ಬಾಗಿಲು ಸರಿಸಿ ಒಂದು ಮಾತು ಕೂಗಿದರೆ ಸಾಕು, ಇಪ್ಪತ್ತೆರಡು ವರ್ಷದ ಸೇಡು ತೀರುತ್ತಿತ್ತು. ತೊಮೆ ಎದ್ದೂ ಬಿಟ್ಟಳು. ಆಮೇಲೆ ಮುದುಕಿಯ ಮುಖ ಕಂಡಿತು. ಸೊಸೆ ಬಂದ ದಿನದಿಂದ ಈಕೆ ಒಂದು ರಾತ್ರಿಯಾದರೂ ನೆಮ್ಮದಿಯಾಗಿ ಮಲಗಿರಲಾರಳು ಅನ್ನಿಸಿ, ಪಾಪ, ಅಳು ಬಂತು.

*

ಕುರಾ ಒಳಬಂದಾಗ ಹೆಣದ ಎದೆಯ ಮೇಲೆ ಲಾಂಛನವಿತ್ತು. ಸೊಂಟದಿಂದ ಕೆಳಕ್ಕೆ ತೊಮೆಯ ನೀಲಿ ರಜಾಯಿ.

"ಇದೇನೇ ಇದು? ತಲೆಕೆಳಗು ಅಂದಿದ್ದೆ! ಎರಡೆರಡು ಬೇರೆ!"

"ಅತ್ತೆ ಹೇಳಿಟ್ಟಿದ್ರು, ಚಿಕ್ಕತ್ತೆ. ಅವರ ತವರಿನಂಥ ದೊಡ್ಡ ಮನೇಲಿ ಲಾಂಛನ ಕಾಲಿಗೆ ಹಾಕಲ್ವಂತೆ. ತಲೆಕೆಳಗು ಹೊದಿಸೋದೆಲ್ಲ ನಮ್ಮಂಥೋರಿಗೆ."

"ನಿಂಗೆ ಹೇಳಿದ್ಲಾ? ನಿಂಗೆ?"

"ಇನ್ಯಾರಿಗೆ ಹೇಳ್ತಾರೆ? ಸೊಸೆ ಅಲ್ವಾ ನಾನು?"

ಕುರಾ ಅವಳ ಮುಖವನ್ನು ದಿಟ್ಟಿಸಿದಳು, ರಜಾಯಿಯನ್ನು ದಿಟ್ಟಿಸಿದಳು. ಬಾಗಿಲಲ್ಲಿ ಊರವರು ನೆರೆದಿದ್ದರು. ದೊಡ್ಡ ಮನೆಯ ರೀತಿ ತನಗೆ ಗೊತ್ತಿಲ್ಲವೆಂದು ಅವರೆದುರು ಹೇಗೆ ಒಪ್ಪಿಕೊಳ್ಳುವುದು? ಉಡುಪಿನ ಕೊರಳಪಟ್ಟಿ ಸರಿಮಾಡಿಕೊಂಡು ಮಂಡಿಯೂರಿ, ನೀಲಿ ನುಗ್ಗಿದ ಆ ಎಲೆಯ ಮುಂದೆ ಹಣೆ ಚಾಪೆಗೆ ತಾಗುವಂತೆ ಬಾಗಿದಳು.

ತೊಮೆಯೂ ಪಕ್ಕದಲ್ಲೇ ಬಾಗಿದಳು. ಅವಳ ಅಂಗೈ, ಒಳಗೆ ಮಡಿಸಿದ ಚಿಂದಿ ಇಣುಕದಂತೆ, ರಜಾಯಿಯ ಅಂಚನ್ನು ಒತ್ತಿ ಹಿಡಿದೇ ಇತ್ತು.